ತಾಟಿನ ಎಡಭಾಗ

ಮಹಾದೇವಮ್ಮ, ನನ್ನ ಅಣ್ಣನ ಊಟವನ್ನು ನೀವು ಕದ್ದಿರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು — ನಾಲ್ಕು ಜನರ ಮುಂದೆ ನಾನು ನಿಮ್ಮನ್ನು ಕಳ್ಳಿ ಅಂದ ಅದೇ ಮಧ್ಯಾಹ್ನ, ಅಂದ ಮಾತು ಇನ್ನೂ ಬಾಯಲ್ಲಿರುವಾಗಲೇ.

ಅಣ್ಣನನ್ನು ಜೇವರ್ಗಿಯ ಆ ಆರೈಕೆ ಮನೆಗೆ ಸೇರಿಸುವ ಮೊದಲು, ಅಲ್ಲಿ ಏನೇನು ಕೆಡಬಹುದು ಎಂದು ನಾನೊಂದು ಪಟ್ಟಿ ಮಾಡಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದರೆ. ಬಿಸಿನೀರು ಮೈಮೇಲೆ ಸುರಿದುಕೊಂಡರೆ. ಗೇಟು ತೆರೆದಿದ್ದು ರಸ್ತೆಗೆ ನಡೆದುಬಿಟ್ಟರೆ. ಫಿಟ್ಸ್ ಬಂದಾಗ ಹತ್ತಿರ ಯಾರೂ ಇಲ್ಲದಿದ್ದರೆ. ಯಾರಾದರೂ ಅವನಿಗೆ ಹೊಡೆದರೆ, ಅವನೇ ಯಾರಿಗಾದರೂ ಹೊಡೆದರೆ. ಗುಳಿಗೆ ಅದಲು ಬದಲಾದರೆ. ಫ್ಯಾನು ಕಳಚಿ ತಲೆಯ ಮೇಲೆ ಬಿದ್ದರೆ — ಹೌದು, ಅದನ್ನೂ ಬರೆದಿದ್ದೆ. “ಹಾವು ಬರೂದು ಬರದಿಲ್ಲೇನ್ರಿ?” ಎಂದಳು ನನ್ನ ಹೆಂಡತಿ ನಿರ್ಮಲಾ. ಅವಳು ತಮಾಷೆ ಮಾಡಿದ್ದೆಂದು ನನಗೆ ತಿಳಿದದ್ದು ಅದನ್ನೂ ಬರೆದುಕೊಂಡ ಮೇಲೆ.

ನಾನು ಆಳಂದದಲ್ಲಿ ಶಾಲೆಯೊಂದರ ಗುಮಾಸ್ತ. ಚಿಂತೆ ಮಾಡುವುದೊಂದೇ ನಾನು ಮೈಮುರಿದು ಮಾಡುವ ಕೆಲಸ. ಅಣ್ಣ ಬಸವಂತಪ್ಪ ಹಾಗಲ್ಲ. ಅಫಜಲಪುರದಲ್ಲಿ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ, ಒಬ್ಬನೇ ಇದ್ದ, ಯಾವುದಕ್ಕೂ ತಲೆ ಕೆಡಿಸಿಕೊಂಡವನಲ್ಲ. ಬೈಕಿನಿಂದ ಬಿದ್ದಾಗ ಕೆಟ್ಟದ್ದು ಅವನ ತಲೆಯೇ. ಬದುಕಿದ. ಆದರೆ ಮಾತು ನಾಲ್ಕೈದು ಶಬ್ದಕ್ಕೆ ಇಳಿಯಿತು, ಮತ್ತು ಅವನ ಜಗತ್ತಿನ ಎಡಭಾಗ ಅಳಿಸಿಹೋಯಿತು. ಎಡಗೆನ್ನೆ ಬಿಟ್ಟು ಬಲಗೆನ್ನೆಯನ್ನಷ್ಟೇ ಒರೆಸಿಕೊಳ್ಳುತ್ತಿದ್ದ. ಎಡಗಡೆ ನಿಂತು ಕರೆದರೆ ಬಲಗಡೆ ಹುಡುಕುತ್ತಿದ್ದ.

“ಕಣ್ಣು ಚಲೋ ಅವ್ರಿ, ಮಿದುಳೇ ಆ ಕಡಿ ನೋಡಂಗಿಲ್ಲ,” ಎಂದಿದ್ದರು ಕಲಬುರಗಿಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ಡಾಕ್ಟರಮ್ಮ. “ಅರ್ಧ ಊಟ ಆದಮ್ಯಾಲ ತಾಟು ತಿರುಗಿಸಿ ಇಡ್ರಿ. ಇಲ್ಲಂದ್ರ ಉಪವಾಸ ಬೀಳ್ತಾರ.”

ನಮ್ಮ ಮನೆಯಲ್ಲಿ ನಿರ್ಮಲಾ ಎರಡು ವರ್ಷ ತಿರುಗಿಸಿದಳು — ದಿನಕ್ಕೆ ಎರಡು ಸಲ, ಒಂದು ದಿನವೂ ತಪ್ಪದೆ. ಅವಳಿಗೆ ಸಾಕಾಗಿತ್ತು ಎಂದು ನಾನು ಎಲ್ಲರಿಗೂ ಹೇಳಿದೆ. ಸಾಕಾಗಿದ್ದು ನನಗೆ.

ಆರೈಕೆ ಮನೆಯ ಮ್ಯಾನೇಜರು ಮೊದಲೇ ಹೇಳಿದ್ದರು: ಉಣ್ಣುವಾಗ ಪಕ್ಕದಲ್ಲಿ ಒಬ್ಬರು ಕೂರಬೇಕಾದಂಥ ರೋಗಿಗಳಿಗೆ ಸದ್ಯಕ್ಕೆ ಜಾಗವಿಲ್ಲ, ಕೆಲವು ತಿಂಗಳು ಕಾಯಬೇಕು. ಆಮೇಲೆ ಅರ್ಜಿ ಮುಂದಿಟ್ಟುಕೊಂಡು ಕೇಳಿದರು: “ಉಣ್ಣಾಕ ಯಾರರ ಬೇಕಾಗ್ತದೇನ್ರಿ?”

“ಏನ್ ಬ್ಯಾಡ್ರಿ. ತನ್ನ ಕೈಲೆ ತಾನ ಉಣ್ತಾನ.”

ಸುಳ್ಳಲ್ಲ ನೋಡಿ. ತನ್ನ ಕೈಯಿಂದಲೇ ಉಣ್ಣುತ್ತಿದ್ದ — ಅರ್ಧ.

ಪ್ರತಿ ಭಾನುವಾರ ಬರುತ್ತಿದ್ದೆ, ಅಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದ ನಿಮಗೆ ನೆನಪಿರಬಹುದು. ಬಚ್ಚಲ ನೆಲ ಉಜ್ಜಿ ನೋಡುತ್ತಿದ್ದೆ, ಗೇಟಿನ ಚಿಲಕ ಎಳೆಯುತ್ತಿದ್ದೆ, ಫ್ಯಾನಿನ ಕೆಳಗೆ ಕತ್ತೆತ್ತಿ ನಿಲ್ಲುತ್ತಿದ್ದೆ. “ಇನ್‌ಸ್ಪೆಕ್ಟರ್ ಸಾಹೇಬ್ರು ಬಂದ್ರು” ಎಂದು ನೀವು ಒಳಗೆ ಹೇಳಿದ್ದು ಒಮ್ಮೆ ಕೇಳಿಸಿತ್ತು, ನಕ್ಕಿದ್ದೆ. ಆದರೆ ಊಟದ ಹೊತ್ತಿಗೆ ಒಂದು ದಿನವೂ ಬರಲಿಲ್ಲ. ಯಾಕೆ — ಈಗ ಕೇಳಿಕೊಂಡರೆ ಉತ್ತರ ಗೊತ್ತಿದೆ.

ನಾಲ್ಕನೆಯ ತಿಂಗಳಿಗೆ ಅಣ್ಣನ ಪಾಯಿಜಾಮದ ಲಾಡಿ ಸೊಂಟಕ್ಕೆ ಎರಡು ಸುತ್ತು ಬರುತ್ತಿತ್ತು. ಅದೇ ದಿನ ನಿಮ್ಮ ಚೀಲದಲ್ಲಿ ರೊಟ್ಟಿ ಕಂಡೆ. ನಾಲ್ಕು ತಿಂಗಳಿಂದ ಪಟ್ಟಿ ಹಿಡಿದು ಕಾಯುತ್ತಿದ್ದವನಿಗೆ ಕೊನೆಗೂ ಒಂದು ತಪ್ಪು ಸಿಕ್ಕಿತ್ತು. ಹೌದು, ಒಂದು ಗಳಿಗೆ ಖುಷಿಯೇ ಆಯಿತು.

“ಅವನ ರೊಟ್ಟಿ ನಿನ್ನ ಚೀಲದಾಗ ಯಾಕದ? ಮಿದುಳು ಕೆಟ್ಟವನ ಕೂಳು ಕದಿತೀಯೇನ ಕಳ್ಳಿ?”

ನೀವು ಚೀಲವನ್ನು ನೆಲಕ್ಕೆ ಸುರಿದಿರಿ. “ಎಂಜಲ ರೊಟ್ಟಿ ಅದಾವ್ರಿ ಯಪ್ಪಾ, ಎಮ್ಮಿಗಿ ಒಯ್ತೇನಿ. ಅಣ್ಣಾರು ಬಲಗಡಿ ಖಾನೆದಾಗಿನ ಅನ್ನ ಉಂಡು, ಅಲ್ಲೇ ನೀರು ಹಾಕಿ ತೊಳ್ದು ಕುಡಿತಾರ. ಕೈ ಮುಗಿತಾರ. ತೊಳ್ದು ಕುಡದವರಿಗಿ ಮತ್ತ ಉಣ್ರಿ ಅಂತ ಹೆಂಗ ಅನ್ಲಿರಿ? ಎಡಗಡಿ ರೊಟ್ಟಿ ಸೇರಂಗಿಲ್ಲೇನೋ ಅಂದ್ಕೊಂಡೆ.”

ನಮ್ಮ ಮನೆಗಳ ರೂಢಿ ಅದು. ಊಟ ಪ್ರಸಾದ, ಒಂದು ಅಗುಳು ಬಿಡಬಾರದು, ತಾಟು ತೊಳೆದ ನೀರನ್ನೂ ಕುಡಿಯಬೇಕು. ಕುಡಿದ ಮೇಲೆ ಊಟ ಮುಗಿಯಿತು, ಯಾರೂ ಮತ್ತೆ ಬಡಿಸುವುದಿಲ್ಲ. ಇಷ್ಟೆಲ್ಲ ಮರೆತ ಅಣ್ಣ ಅದನ್ನು ಮರೆತಿರಲಿಲ್ಲ. ಖಾನೆಗಳಾಗಿ ಭಾಗವಾಗಿದ್ದ ಆ ತಾಟಿನಲ್ಲಿ ಅವನಿಗೆ ಕಂಡ ಭಾಗ ಸ್ವಚ್ಛವಾಗಿತ್ತು. ಆ ರೂಢಿಯನ್ನು ನೀವು ಗೌರವಿಸಿದಿರಿ. ನಾನು ಹೇಳಿದ್ದರೆ — ಒಂದೇ ಮಾತು ಹೇಳಿದ್ದರೆ...

ನೀವು ಇನ್ನೊಂದು ಮಾತೂ ಅಂದಿರಿ. “ಒಂದ್ ತಾಸಿಗಿ ಹಸಿವು ಹಸಿವು ಅಂತಾರ್ರೀ. ಉಂಡದ್ದು ಮರ್ತಾರ ಅಂತ, ಈಗರ ಉಂಡೀರಲ್ಲ ಅಣ್ಣಾರ, ಅಂತ ಸಮಾಧಾನ ಮಾಡ್ತಿದ್ದೆ.”

ಅವನಿಗೆ ಉಳಿದಿದ್ದ ನಾಲ್ಕೈದು ಶಬ್ದಗಳಲ್ಲಿ ಹಸಿವು ಒಂದು. ಅದನ್ನು ಸರಿಯಾಗಿಯೇ ಬಳಸುತ್ತಿದ್ದ.

ಆಗಲೇ ನಾನು ಬಾಯಿ ಬಿಡಬೇಕಿತ್ತು. ನಿಮ್ಮ ಮುಖ ನೋಡುತ್ತ ನಿಂತೆ. ಮ್ಯಾನೇಜರು ನನ್ನ ಮುಖ ನೋಡುತ್ತಿದ್ದರು. ಬಾಯಿ ಬಿಟ್ಟರೆ ಅರ್ಜಿಯ ಮಾತು ಹೊರಬೀಳುತ್ತಿತ್ತು, ಅಣ್ಣನನ್ನು ವಾಪಸು ಕರೆದೊಯ್ಯಿರಿ ಅಂದುಬಿಟ್ಟರೆ — ಸುಮ್ಮನಾದೆ. ನೆಲದ ಮೇಲಿನ ರೊಟ್ಟಿಗಳನ್ನು ನೀವೊಬ್ಬರೇ ಆರಿಸಿಕೊಂಡಿರಿ.

ಮುಂದಿನ ಭಾನುವಾರ ನೀವಿರಲಿಲ್ಲ. “ತನ್ನ ಊರು ನೆಲೋಗಿಗೆ ಹೋದ್ಳ್ರಿ, ಇನ್ ಬರಂಗಿಲ್ಲ,” ಎಂದರು ಮ್ಯಾನೇಜರು, ನನ್ನನ್ನು ಮೆಚ್ಚಿಸುವಂತೆ. ಆಗ ನಾನು, ಯಾರೋ ಹೊಸ ಡಾಕ್ಟರು ಈಗಷ್ಟೇ ಹೇಳಿದರೆಂಬಂತೆ, ತಾಟು ತಿರುಗಿಸುವ ಉಪಾಯ ಹೇಳಿಕೊಟ್ಟೆ. ಅಣ್ಣ ಮೈತುಂಬಿಕೊಂಡ. ಹೊಸದಾಗಿ ಕೆಲಸಕ್ಕೆ ಬರುವವರಿಗೆ ಅದನ್ನು ಈಗ ಮೊದಲ ದಿನವೇ ಕಲಿಸುತ್ತಾರೆ — “ಸರ್ ಹೇಳಿಕೊಟ್ಟದ್ದು” ಎಂದು. ಕಳೆದ ತಿಂಗಳು ಅಲ್ಲಿರುವವರ ಮನೆಯವರ ಸಭೆಯಲ್ಲಿ ನನ್ನನ್ನು ಎಬ್ಬಿಸಿ, ಕಾಳಜಿ ಅಂದರೆ ಹೇಗಿರಬೇಕು ಎಂದು ನಾಲ್ಕು ಮಾತಾಡಿಸಿದರು. ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ನಿರ್ಮಲಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬಸ್ಸಿನಲ್ಲಿ ಆಳಂದ ಬರುವವರೆಗೂ ಕಿಟಕಿಯ ಕಡೆ ನೋಡುತ್ತಿದ್ದಳು.

ನಡೆದದ್ದನ್ನೆಲ್ಲ ಬರೆದು ನಿನ್ನೆ ಮ್ಯಾನೇಜರ ಕೈಗೆ ಕೊಟ್ಟೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಈ ಭಾನುವಾರ ನೆಲೋಗಿಯ ಬಸ್ಸು ಹತ್ತುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಕಳ್ಳಿ ಅಂದಷ್ಟೇ ಗಟ್ಟಿಯಾಗಿ, ನಾಲ್ಕು ಜನರಿಗೆ ಕೇಳುವಂತೆ, ಅಲ್ಲ ಅನ್ನಬೇಕಾಗಿದೆ.

ಹಳೆಯ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಅಣ್ಣ ಜಾರಿ ಬೀಳಲಿಲ್ಲ. ಗೇಟು ದಾಟಲಿಲ್ಲ. ಗುಳಿಗೆ ಬದಲಾಗಲಿಲ್ಲ, ಯಾರೂ ಕೈ ಎತ್ತಲಿಲ್ಲ, ಫ್ಯಾನು ಅಲ್ಲೇ ತಿರುಗುತ್ತಿದೆ. ಹಾವೂ ಬರಲಿಲ್ಲ. ತಾಟು ತಿರುಗಿಸಿ ಇಡಿ ಎಂದು ನಾನು ನಿಮಗೆ ಹೇಳಲಿಲ್ಲ.