ಅತ್ತೆ ಬೇಡವೆಂದ ಸಂಬಂಧ

ಅತ್ತೆಯ ಬಲಗೈ ಸೆರಗಿನೊಳಗೇ ಇರುತ್ತಿತ್ತು. ರೊಟ್ಟಿ ಬಡಿಯುವ ಹೊತ್ತೊಂದು ಬಿಟ್ಟರೆ, ಕಟ್ಟೆಯ ಮೇಲೆ ಹರಟುವಾಗ, ಬಸ್ಸಿಗೆ ಕಾಯುವಾಗ, ಆ ಕೈ ತನ್ನಷ್ಟಕ್ಕೆ ಎಡಗಂಕುಳ ಕೆಳಗೆ ಹೋಗಿ ಏನನ್ನೋ ತಡಕುತ್ತಿತ್ತು.

“ಅಲ್ಲೇನು ರೊಕ್ಕ ಮುಚ್ಚಿಟ್ಟೀಯೇನತ್ತಿ?” ಎಂದು ನಾನು ಕಾಡುತ್ತಿದ್ದೆ.

“ನಮ್ಮವ್ವನ ಆಸ್ತಿ ನನಗೂ ಬಂತೇನಂತ ನೋಡಾಕತ್ತೀನಿ,” ಅನ್ನುತ್ತಿದ್ದಳು. ನಗುತ್ತಿರಲಿಲ್ಲ.

ಅವಳು ನಮ್ಮಪ್ಪನ ಅಕ್ಕ. ಬುಕ್ಕಸಾಗರದಿಂದ ಕಂಪ್ಲಿಗೆ ಕೊಟ್ಟಿದ್ದರು. ಕಾಲುವೆ ನೀರು ಹರಿದ ಮೇಲೆ ಅವಳ ಪಡಸಾಲೆಯಲ್ಲಿ ಭತ್ತದ ಚೀಲಗಳ ನಡುವೆ ಅಡ್ಡಡ್ಡ ನಡೆಯಬೇಕಿತ್ತು. ನಾಲಿಗೆ ಖಾರ, ಕೈ ಧಾರಾಳ. ಎಷ್ಟು ಮಾತಾಡಿದರೂ ನನ್ನಜ್ಜಿಯ ಸಾವಿನ ಬಗ್ಗೆ ಮಾತ್ರ ಒಂದೇ ಮಾತು: “ಸಂಕ್ರಾಂತಿಗೆ ಎದಿಯಾಗ ಕಡ್ಲಿಕಾಳು, ಉಗಾದಿಗೆ ನಿಂಬಿಹಣ್ಣು, ಕಾರಹುಣ್ಣಿವಿಗೆ ಅವ್ವನ ಇಲ್ಲ.” ಅಪ್ಪ, ಅತ್ತೆ ಇಬ್ಬರಿಗೂ ದೊಡ್ಡವಳಾದ ಹಿರಿಯಕ್ಕನೂ ಎದೆಯ ಹುಣ್ಣಿನಲ್ಲೇ ಹೋಗಿದ್ದಳು, ಇನ್ನೂ ಚಿಕ್ಕ ವಯಸ್ಸು. ಅಪ್ಪನಿಗೆ ಅದೆಲ್ಲ ಹೆಂಗಸರ ಕರ್ಮ, ಗಂಡಸಾದ ತನಗೆ ಸಂಬಂಧವಿಲ್ಲದ್ದು.

ನಮ್ಮಲ್ಲಿ ತಮ್ಮನ ಮಗಳು ಅಂದರೆ ಅಕ್ಕನ ಮನೆಗೆ ಹಕ್ಕಿನ ಸೊಸೆ. ಅತ್ತೆಯ ಮಗನ ಹೆಸರು ಹಿಡಿದು ಎಲ್ಲರೂ ನನ್ನನ್ನು ರೇಗಿಸುತ್ತಿದ್ದರು. ನನಗೂ ಮನಸ್ಸಿತ್ತು, ಸುಳ್ಳೇಕೆ ಹೇಳಲಿ? ಅಪ್ಪ ಎಲೆ ಅಡಿಕೆ ಹಿಡಿದು ಕೇಳಲು ಹೋದ. ಅತ್ತೆ ಸೆರಗಿನೊಳಗಿನ ಕೈ ತೆಗೆಯದೆ, “ಬ್ಯಾಡೋ ತಮ್ಮಾ” ಅಂದಳಂತೆ. ಯಾಕೆಂದು ಕೇಳಿದರೆ, “ಬ್ಯಾಡ ಅಂದ್ರ ಬ್ಯಾಡ.”

ಅಪ್ಪ ಅಲ್ಲಿ ನೀರೂ ಕುಡಿಯದೆ ಬಂದ. “ಕಾಲುವಿ ನೀರು ಬಂದು ಅಕ್ಕಗ ಸೊಕ್ಕು ಬಂತು,” ಅಂದ. ನಾವೆಲ್ಲ ನಂಬಿದೆವು. ನನ್ನನ್ನು ಹೊಸಪೇಟೆಗೆ ಕೊಟ್ಟರು. ಅತ್ತೆ ಮಗನಿಗೆ ದೂರದ ಸಂಬಂಧ ತಂದಳು. ಆ ಮದುವೆಗೆ ನಮ್ಮ ಕಡೆಯಿಂದ ಒಬ್ಬರೂ ಹೋಗಲಿಲ್ಲ.

ಮದುವೆಯ ಬೆನ್ನಿಗೇ ಅತ್ತೆ ಹಾಸಿಗೆ ಹಿಡಿದಳೆಂಬ ಸುದ್ದಿ ಬಂತು. ಅಪ್ಪ ಜಗ್ಗಲಿಲ್ಲ. ನಾನೊಬ್ಬಳೇ ಹೋದೆ. ಕೋಣೆಗೆ ಕಾಲಿಡುವ ಮೊದಲೇ ಹುಣ್ಣಿನ ವಾಸನೆ ಹೊಡೆಯಿತು. ಆಯುಷ್ಯವಿಡೀ ತಡಕಿದ ಕೈಗೆ ಕೊನೆಗೂ ಗಂಟು ಸಿಕ್ಕಿತ್ತು. ಮಗನ ಮದುವೆ ಮುಗಿಯಲೆಂದು ಬಾಯಿ ಮುಚ್ಚಿಕೊಂಡಿದ್ದಳು.

“ಕುಂದ್ರವ್ವ, ಹೇಳತೀನಿ,” ಅಂದಳು. “ಅವ್ವಗೂ ಅಕ್ಕಗೂ ಕಡೀ ನೀರು ನಾನ ಹಾಕೀನಿ. ಇದು ನಮ್ಮ ರಕ್ತದಾಗ ಐತಿ. ನನ್ನ ಮಗನ ಮೈಯಾಗೂ ಅದ, ನಿನ್ನ ಮೈಯಾಗೂ ಅದ. ಎರಡೂ ಕಡಿಂದ ಬಂದ್ರ ಹುಟ್ಟೋ ಕೂಸಿನ ಗತಿ ಏನು?”

“ಹೆಂಗಸರ ರೋಗ ಅಪ್ಪನ ಕಡಿಂದ ಬರತೈತೇನತ್ತಿ?”

“ನಿಮ್ಮಪ್ಪ ಏನು ಮುಗಲಿಂದ ಉದುರ್ಯಾನೇನು? ಅವನೂ ಅದ ಹೊಟ್ಟ್ಯಾಗ ಹುಟ್ಟ್ಯಾನ.”

“ಅವತ್ತ ಹೇಳಬೇಕಿತ್ತಿಲ್ಲ?”

“ಹೇಳಿದ್ರ ನಿನ್ನ ಯಾರು ಮಾಡಿಕೊಳ್ತಿದ್ರು? ಸೊಕ್ಕಿನಾಕಿ ಅನ್ನಿಸ್ಕೊಂಡೆ, ಹೋಗ್ಲಿ ಬಿಡು.” ನನ್ನ ಕೈ ಹಿಡಿದು ನನ್ನ ಕಂಕುಳ ಕೆಳಗೇ ಒತ್ತಿದಳು. “ನಾಚಿಕಿ ಬ್ಯಾಡ. ಏನರ ಹತ್ತಿದ್ರ ಅವತ್ತ ಬಸ್ ಹತ್ತು. ನನ್ನಂಗ ಕಾಯಬ್ಯಾಡ.”

ಕಾರಹುಣ್ಣಿಮೆಯನ್ನು ಅವಳೂ ನೋಡಲಿಲ್ಲ. ಅಪ್ಪ ಮಣ್ಣಿಗೆ ಬಂದು ದೂರ ನಿಂತಿದ್ದ.

ಕೆಲವು ವರ್ಷಗಳ ನಂತರ ಸ್ನಾನ ಮಾಡುವಾಗ ನನ್ನ ಕೈಗೆ ಜೋಳದ ಕಾಳಿನಷ್ಟು ಹತ್ತಿತು. ಒಲೆಯ ಮೇಲಿನ ಅನ್ನ ಇಳಿಸಿ ಬಸ್ಸು ಹತ್ತಿದೆ. ಇಂಥದ್ದು ತಂದೆಯ ಕಡೆಯಿಂದಲೂ ಬರುತ್ತದೆ, ಭಾಳ ಬೇಗ ಬೆಳೆಯುವ ಜಾತಿಯದು, ಸಮಯಕ್ಕೆ ಬಂದಿರಿ ಎಂದರು ಡಾಕ್ಟರು. ಒಂದು ಕಡೆಯ ಎದೆಯನ್ನೇ ತೆಗೆದರು. ಆಸ್ಪತ್ರೆಯ ಮಂಚದ ಪಕ್ಕ ಅಪ್ಪ ತಲೆ ತಗ್ಗಿಸಿ ಕೂತಿದ್ದ. “ನನ್ನ ಕಡಿಂದ ಬಂತೇನವ್ವ?” ಅಂದ. ಆಮೇಲೆ, “ಅಕ್ಕನ ಮನ್ಯಾಗ ನೀರರ ಕುಡೀಬೇಕಿತ್ತು,” ಎಂದು ಅತ್ತುಬಿಟ್ಟ.

ನನ್ನ ಜೀವ ಅತ್ತೆ ಕೊಟ್ಟದ್ದು. ಆದರೆ ಅವಳ ಭಯ ಅವಳ ಜೊತೆ ಮಣ್ಣಾಗಲಿಲ್ಲ, ನನ್ನ ಮನೆಗೇ ಬಂದು ಕೂತಿದೆ. ಮೊನ್ನೆ ಕಟ್ಟೆಯ ಮೇಲೆ ಕೂತಿದ್ದಾಗ ನನ್ನ ಕೈ ಉಳಿದ ಕಡೆಗೆ ಹೋಗಿತ್ತು. ಕಾಲೇಜಿನಿಂದ ಬಂದ ಮಗಳು ನೋಡಿ ನಕ್ಕಳು.

“ಅಲ್ಲೇನು ರೊಕ್ಕ ಮುಚ್ಚಿಟ್ಟೀಯೇನವ್ವ?”

ಕೈ ತೆಗೆದು ಪಕ್ಕದ ಜಾಗ ತೋರಿಸಿದೆ.

“ಕುಂದ್ರವ್ವ,” ಅಂದೆ, “ಹೇಳತೀನಿ.”