ಬರ್ರಿ-ಕೂಡ್ರಿ ಸಿದ್ಧಾಂತ

ಭಾಲ್ಕಿ ಕಡೆಯ ವೈಜನಾಥ, ನಾಸಿಕದ ಬಳಿಯ ಸಿನ್ನರಿನ ಕಾರ್ಖಾನೆಯೊಂದಕ್ಕೆ ಫಿಟ್ಟರ್ ಆಗಿ ಬಂದಾಗ ಮಗಳು ಉಮಾಶ್ರೀ ಇನ್ನೂ ತೊಟ್ಟಿಲಲ್ಲಿದ್ದಳು. ಆಕೆ ಓದಿದ್ದು ಮರಾಠಿಯಲ್ಲಿ, ಬೈಸಿಕೊಂಡದ್ದು ಕನ್ನಡದಲ್ಲಿ. ಈಗ ನಾಸಿಕದ ಗಂಗಾಪುರ ರಸ್ತೆಯಲ್ಲಿ, ವೆಬ್‌ಸೈಟ್ ಮಾಡಿಕೊಡುವ ಸಣ್ಣ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ. ಗಿರಾಕಿಗೆ ಏನು ಬೇಕೆಂದು ಕೇಳಿ ತಿಳಿದು, ಪುಟಗಳಿಗೆ ಬೇಕಾದ ಬರಹ ಬರೆಯುವುದು.

ಕಚೇರಿಯ ಮಾಲೀಕ ಸುಜಿತ್ ಒಳ್ಳೆಯ ಮನುಷ್ಯ. ಅವನಿಗಿದ್ದ ಚಟ ಒಂದೇ, ದೊಡ್ಡ ದೊಡ್ಡ ಇಂಗ್ಲಿಷ್ ಮಾತು. ಬಟನ್‌ಗೆ ಬಟನ್ ಅನ್ನುತ್ತಿರಲಿಲ್ಲ, 'ಕನ್ವರ್ಶನ್ ಟ್ರಿಗರ್' ಅನ್ನುತ್ತಿದ್ದ. ಪುಟದಲ್ಲಿ ಒಂದಿಷ್ಟು ಖಾಲಿ ಜಾಗ ಬಿಟ್ಟರೆ ಅದು 'ಬ್ರೀದಿಂಗ್ ಆರ್ಕಿಟೆಕ್ಚರ್'. ಸೋಮವಾರದ ಮೀಟಿಂಗಿಗೆ ಒಬ್ಬೊಬ್ಬರೂ ಒಂದು ಹೊಸ ಸಿದ್ಧಾಂತ ತರಬೇಕು ಎಂದೂ ಅಪ್ಪಣೆ ಮಾಡಿದ್ದ.

ಅಂಥ ಒಂದು ಸೋಮವಾರ ಬೆಳಿಗ್ಗೆ ಉಮಾಶ್ರೀಯ ತಾಯಿ ಪ್ರೇಮಾಬಾಯಿ ಫೋನಿನಲ್ಲಿ ಸೀರೆ ಅಂಗಡಿಯೊಂದರ ಸೈಟ್ ತೆರೆದರು. ಒಂದು ಸೀರೆಯೂ ಕಾಣಲಿಲ್ಲ, ಹೆಸರು ಕೊಡು, ನಂಬರ್ ಕೊಡು ಎಂದು ಚೌಕಟ್ಟೊಂದು ಅಡ್ಡ ಬಂತು.

"ಎಂಥಾ ಮಂದಿ ಅವ್ವಾ ಇವ್ರು! ಮನಿಗಿ ಬಂದೋರಿಗಿ ಬರ್ರಿ, ಕೂಡ್ರಿ ಅನ್ಬೇಕಿಲ್ಲ? ಬಾಗಲದಾಗೇ ನಿಂದರ್ಸಿ ನಂಬರ್ ಕೇಳ್ಲತ್ತಾರ!"

ಮೀಟಿಂಗಿನಲ್ಲಿ ಉಮಾಶ್ರೀಯ ಸರದಿ ಬಂತು. ಅವಳ ಹತ್ತಿರ ಏನೂ ಇರಲಿಲ್ಲ. ಬಾಯಿಂದ "ಬರ್ರಿ-ಕೂಡ್ರಿ" ಎಂದು ಬಂದೇಬಿಟ್ಟಿತು. ಬಂದವರನ್ನು ಮೊದಲು ಒಳಗೆ ಕರೆಯಬೇಕು, ಕೂಡಿಸಬೇಕು, ಕೇಳುವುದೇನಿದ್ದರೂ ಆಮೇಲೆ ಎಂದು ಮರಾಠಿಯಲ್ಲಿ ವಿವರಿಸಿದಳು.

"ಬರ್ರಿ ಮತ್ತು ಕೂಡ್ರಿ!" ಸುಜಿತನ ಮುಖ ಅರಳಿತು. "ಇಬ್ಬರೂ ಒಂದೇ ಯೂನಿವರ್ಸಿಟಿಯವರಾ?"

ನಿಜ ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಬೋರ್ಡಿನ ಮೇಲೆ ಎರಡೂ ಹೆಸರು ಬರೆದು ಕೆಳಗೆ ಗೆರೆ ಎಳೆದಿದ್ದ. ಉಮಾಶ್ರೀ ಚಹಾದ ಕಪ್ಪನ್ನು ಮುಖಕ್ಕೆ ಅಡ್ಡ ಹಿಡಿದು ನಗೆ ನುಂಗಿದಳು.

ಅಲ್ಲಿಂದ ಆ ಮಾತು ಅವಳ ಕೈಗೆ ಸಿಗಲಿಲ್ಲ. ಗಿರಾಕಿಗಳಿಗೆ ಕಳಿಸುವ ಪತ್ರಗಳಲ್ಲೆಲ್ಲ ಬರ್ರಿ-ಕೂಡ್ರಿ. ಊರಿನ ಬೇರೆ ಕಚೇರಿಗಳೂ ಅದನ್ನೇ ಆಡತೊಡಗಿದವು. ಒಂದು ದಿನ ವಿಶಾಲ ಎಂಬ ತರುಣ ಸಂದರ್ಶನಕ್ಕೆ ಬಂದು, ಬರ್ರಿ-ಕೂಡ್ರಿಯಲ್ಲಿ ತನಗೆ ಎರಡು ವರ್ಷದ ಅನುಭವವಿದೆ ಎಂದ. ಆ ಮಾತು ಹುಟ್ಟಿ ಇನ್ನೂ ವರ್ಷವಾಗಿರಲಿಲ್ಲ. ಉಮಾಶ್ರೀಗೆ ಅವನ ಧೈರ್ಯ ಹಿಡಿಸಿತು. ಕೆಲಸ ಕೊಡಿ ಎಂದು ಸುಜಿತನಿಗೆ ತಾನೇ ಹೇಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಸಂಭಾಜಿನಗರದಿಂದ ಕರೆ ಬಂತು. ಲಾಲಸಾಬ ಎಂಬ ಹಿರಿಯರು ಅಲ್ಲಿಗೆ ಹತ್ತಿರದ ಖುಲ್ತಾಬಾದಿನಲ್ಲಿ ಲಾಡ್ಜ್ ನಡೆಸುತ್ತಿದ್ದರು. ಊರಿನ ದರ್ಗಾಕ್ಕೂ ವೇರೂಳದ ಗುಹೆಗಳಿಗೂ ಬರುವವರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಲಾಡ್ಜಿಗೊಂದು ಸೈಟ್ ಬೇಕಿತ್ತು. ಸುಜಿತ್ ಉಮಾಶ್ರೀಯನ್ನು ಕರೆದುಕೊಂಡು ಹೋದ. ಸಂಭಾಜಿನಗರದಲ್ಲಿದ್ದ ಅವರ ಬುಕಿಂಗ್ ಆಫೀಸಿನಲ್ಲಿ ಲಾಲಸಾಬರೂ ಮಗಳು ರೇಷ್ಮಾಳೂ ಕುಳಿತು ಪರದೆಯ ಮೇಲಿನ ಸ್ಲೈಡುಗಳನ್ನು ನೋಡಿದರು. ಸುಜಿತ್ ಹಿಂದಿಯಲ್ಲಿ ಶುರು ಮಾಡಿ ಇಂಗ್ಲಿಷಿಗೆ ಜಾರಿದ. ಲಾಲಸಾಬರು ಆಗಾಗ ಗಡ್ಡ ಸವರಿಕೊಳ್ಳುತ್ತಿದ್ದರು. ಕೊನೆಗೆ ಪರದೆಯ ಮೇಲೆ ಕೋಟು ತೊಟ್ಟ, ಬಿಳಿ ಕೂದಲಿನ ಇಬ್ಬರು ವಿದೇಶಿ ಮುದುಕರು ಮೂಡಿದರು.

"ಇವರು ಬರ್ರಿ, ಇವರು ಕೂಡ್ರಿ," ಎಂದ ಸುಜಿತ್, ಭಕ್ತಿಯಿಂದ.

ಈ ಚಿತ್ರಗಳನ್ನು ಉಮಾಶ್ರೀಯೂ ಮೊದಲ ಸಲ ನೋಡುತ್ತಿದ್ದಳು. ಲಾಲಸಾಬರು ಮುದುಕರನ್ನು ನೋಡಿದರು, ನಂತರ ಇವಳನ್ನು.

"ಯವ್ವಾ, ನಿಮ್ದು ಯಾವೂರು?"

"ಭಾಲ್ಕಿರಿ, ಕಾಕಾ."

"ನಾ ಬಸವಕಲ್ಯಾಣದಂವ. ಈ ಬರ್ರಿ, ಕೂಡ್ರಿ ಇಬ್ಬರೂ ನಮ್ಮನಿಗಿ ದಿನಾ ಬರ್ತಾರ ನೋಡ್ರಿ!"

ಹೀಗೆಂದವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಉಮಾಶ್ರೀಗೂ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಅವಳು ಮರಾಠಿಯಲ್ಲಿ ಸುಜಿತನಿಗೆ ಎಲ್ಲವನ್ನೂ ಹೇಳಿದಳು: ಬರ್ರಿ ಅಂದರೆ ಬನ್ನಿ, ಕೂಡ್ರಿ ಅಂದರೆ ಕುಳಿತುಕೊಳ್ಳಿ.

ಸುಜಿತನ ಕಿವಿ ಕೆಂಪಾಯಿತು. "ಹಾಗಾದರೆ ಇವರು ಯಾರು?"

"ನೀವೇ ಹಾಕಿದ್ದು ಸರ್. ನನಗೆ ಹೇಗೆ ಗೊತ್ತಾಗಬೇಕು?"

ಒಂದು ಗಳಿಗೆ ಅವನು ಆ ಮುದುಕರನ್ನೇ ದಿಟ್ಟಿಸಿದ. ಆಮೇಲೆ ಎಲ್ಲರಿಗಿಂತ ಜೋರಾಗಿ ನಗತೊಡಗಿದವನು ಅವನೇ. ರೇಷ್ಮಾ ನೀರು ತಂದುಕೊಡಬೇಕಾಯಿತು.

"ಸಾಹೇಬರೆ," ಎಂದರು ಲಾಲಸಾಬರು ಹಿಂದಿಯಲ್ಲಿ, "ಇಷ್ಟು ಹೊತ್ತು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇದೊಂದೇ. ಇದನ್ನೇ ಮಾಡಿಕೊಡಿ."

ಉಮಾಶ್ರೀಯೂ ರೇಷ್ಮಾಳೂ ಕೂಡಿ ಸೈಟ್ ಕಟ್ಟಿದರು. ತೆರೆದ ಕೂಡಲೇ ಲಾಡ್ಜಿನ ಅಂಗಳ, ಬೇವಿನ ಮರದಡಿ ಹಾಕಿದ, ಹಗ್ಗ ಹೆಣೆದ ಹೊರಸುಗಳು, ತುಂಬಿದ ನೀರಿನ ಕೊಡ. ಅದರ ಮೇಲೆ ಮರಾಠಿ, ಉರ್ದು, ಹಿಂದಿ, ಕನ್ನಡದಲ್ಲಿ ಬರಮಾಡಿಕೊಳ್ಳುವ ಮಾತು, ಅಷ್ಟೆ. ಕನ್ನಡ ಕಂಡು ಬೀದರ, ಕಲಬುರಗಿ ಕಡೆಯವರು ಫೋನ್ ಮಾಡತೊಡಗಿದರು. "ನೀವ್ ನಮ್ ಕಡೀಯವ್ರೇನ್ರಿ?" ಎಂದು ಕೇಳಿದವರೊಡನೆ ಲಾಲಸಾಬರು ಊರಿನ ಸುದ್ದಿ ಮಾತಾಡುತ್ತ ಕೂತುಬಿಡುತ್ತಿದ್ದರು. ಕೋಣೆ ಕೊಡುವ ಮಾತನ್ನು ರೇಷ್ಮಾಳೇ ನೆನಪಿಸಬೇಕಾಗುತ್ತಿತ್ತು.

ದೀಪಾವಳಿ ರಜೆಯಲ್ಲಿ ಲಾಲಸಾಬರು ಉಮಾಶ್ರೀಯನ್ನು ತಂದೆತಾಯಿಯೊಂದಿಗೆ ಖುಲ್ತಾಬಾದಿಗೆ ಕರೆಸಿಕೊಂಡರು. ವೈಜನಾಥರೂ ಲಾಲಸಾಬರೂ ಹುಡುಗರಿದ್ದಾಗ ಒಂದೇ ಜಾತ್ರೆಯಲ್ಲಿ ಕುಸ್ತಿ ನೋಡಿದ್ದವರೆಂದು ತಿಳಿಯಿತು. ಅಂದು ಗೆದ್ದ ಪೈಲ್ವಾನ ಯಾರೆಂಬುದರ ಮೇಲೆ ಊಟ ಮುಗಿಯುವವರೆಗೂ ಇಬ್ಬರ ವಾದ ನಡೆಯಿತು. ತಿರುಗಿ ಬರುವಾಗ ದೌಲತಾಬಾದಿನ ಕೋಟೆಯ ಕೆಳಗೆ ಕಾರು ನಿಲ್ಲಿಸಿ ಸೀತಾಫಲ ಕೊಂಡರು. ಪ್ರೇಮಾಬಾಯಿ ಮನೆಯವರೆಗೂ ತಡೆಯಲಿಲ್ಲ, ಅಲ್ಲೇ ರಸ್ತೆಯ ಪಕ್ಕದಲ್ಲಿ ಕುಳಿತು ಹಣ್ಣು ಒಡೆದು ಎಲ್ಲರ ಕೈಗೂ ಕೊಟ್ಟರು.