ಚಿಂದಿ ಎಣಿಸುವ ಪಾಷಾ ಸಾಬರು

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಮುನೀರ್ ಪಾಷಾ ಸಾಬರ ಇಂಜಿನ್ ರಿಪೇರಿ ಶೆಡ್ಡು ಇತ್ತು. ಯಾವ ಇಂಜಿನ್ ಬಿಚ್ಚಿದರೂ ಮತ್ತೆ ಮುಚ್ಚುವ ಮುಂಚೆ ಸಾಬರು ಎಣ್ಣೆ ಒರೆಸುವ ಚಿಂದಿಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹಾಸಿ, ಬೆರಳು ಮಡಚಿ ಜೋರಾಗಿ ಎಣಿಸುತ್ತಿದ್ದರು. ಒಂದು ಸಲವಲ್ಲ, ಎರಡು ಸಲ. "ಏನ್ ಸಾಬ್ರೇ, ಜರತಾರಿ ಸೀರೇನಾ ಅವು?" ಎಂದು ಲಾರಿ ಡ್ರೈವರುಗಳು ಕೀಟಲೆ ಮಾಡುತ್ತಿದ್ದರು. ಸಾಬರು ನಗುತ್ತಿರಲಿಲ್ಲ. ಹೆಂಡತಿ ಹಜೀರಾಬಿಗೂ ಇದರ ಕಾರಣ ಗೊತ್ತಿರಲಿಲ್ಲ. ಅಯ್ಯೋ, ಹೇಳಿಕೊಳ್ಳುವಂಥ ಕಾರಣವಾಗಿದ್ದರೆ ಹೇಳದೆ ಬಿಡುತ್ತಿದ್ದರೇ?

ಎಪ್ಪತ್ತಾರನೇ ಇಸವಿಗೆ ಮೊದಲು ಅವರು ಚಿಂದಿ ಎಣಿಸಿದವರೇ ಅಲ್ಲ.

ಆಗ ಬಿದಿರು ಕಂಟ್ರಾಕ್ಟರ್ ಬಸವರಾಜಪ್ಪ ತನ್ನ ಕೂಲಿಯವರನ್ನು ಸಾಗಿಸಲು ಲಕ್ಕವಳ್ಳಿ ಡ್ಯಾಮಿನ ಹಿನ್ನೀರಿನಲ್ಲಿ ಒಂದು ಮರದ ಲಾಂಚು ಓಡಿಸುತ್ತಿದ್ದ. ಹಳೇ ಲಾರಿಯ ಡೀಸೆಲ್ ಇಂಜಿನ್ನನ್ನು ಅದರ ಹೊಟ್ಟೆಯೊಳಗೆ ಕೂರಿಸಿಕೊಟ್ಟವರು ಪಾಷಾ ಸಾಬರೇ. ಲಾರಿಗಾದರೆ ರೇಡಿಯೇಟರ್ ಇರುತ್ತದೆ, ಈ ಲಾಂಚಿಗೆ ಇಡೀ ಡ್ಯಾಮೇ ರೇಡಿಯೇಟರ್. ತಳದ ತೂತಿನಿಂದ ಪಂಪು ನೀರೆಳೆದು, ಇಂಜಿನ್ನಿನ ಮೈಯೆಲ್ಲ ಸುತ್ತಿಸಿ, ಪಕ್ಕದ ಕೊಳವೆಯಿಂದ ಹೊರಗೆ ಚೆಲ್ಲುತ್ತಿತ್ತು. ಆ ನೀರು ನಿಂತಿತೋ, ಇಂಜಿನ್ ಸುಟ್ಟಿತು ಎಂದೇ ಲೆಕ್ಕ.

ಲಾಂಚಿನ ಡ್ರೈವರ್ ಸಣ್ಣಬೀರಪ್ಪ, ಮೂವತ್ತರ ಆಸುಪಾಸಿನ ಗಂಡಸು. ಇಂಜಿನ್ನೆಂದರೆ ಪ್ರಾಣ. ಸಾಬರೇ ಅವನಿಗೆ ಪಾಠ ಹೇಳಿದ್ದರು: "ನೋಡ್ ಬೀರಪ್ಪ, ಕಣ್ಣಲ್ಲಿ ನೋಡಿದ್ರೆ ಸಾಲ್ದು. ಸ್ಟಾರ್ಟ್ ಮಾಡಿದ ಮೇಲೆ ಆ ಕೊಳವೆಗೆ ಅಂಗೈ ಒಡ್ಡು. ಕೈ ಮೇಲೆ ನೀರು ಬಿದ್ರೆ ಹೊರಡು, ಬೀಳ್ದೆ ಇದ್ರೆ ಆಫ್ ಮಾಡು." ಬೀರಪ್ಪ ದಿನಾ ಬೆಳಿಗ್ಗೆ ತೀರ್ಥಕ್ಕೆ ಒಡ್ಡಿದ ಹಾಗೆ ಕೈ ಒಡ್ಡುತ್ತಿದ್ದ.

ಎಪ್ಪತ್ತಾರರ ಮಾಗಿಯಲ್ಲಿ ಪಂಪು ಸದ್ದು ಮಾಡುತ್ತಿದೆ ಎಂದು ಸಾಬರಿಗೆ ಕರೆ ಬಂತು. ಹೋಗಿ ಪಂಪು ಬಿಚ್ಚಿ ಬೇರಿಂಗ್ ಬದಲಾಯಿಸಿದರು. ಬಿಚ್ಚಿದ ಪೈಪಿನ ಬಾಯಿಗೆ ಚಿಂದಿ ತುರುಕುವುದು ಮೆಕ್ಯಾನಿಕ್ಕುಗಳ ಪದ್ಧತಿ, ನಟ್ಟು ಗಿಟ್ಟು ಒಳಗೆ ಬೀಳಬಾರದಲ್ಲ. ಚಿಂದಿಯ ಬಾಲ ಒಂದು ಗೇಣು ಹೊರಗೆ ಜೋತಾಡಬೇಕು ಎಂದು ಅವರ ಉಸ್ತಾದರು ಕಿವಿ ಹಿಂಡಿ ಕಲಿಸಿದ್ದರು. ಅವತ್ತು ಕೈಗೆ ಸಿಕ್ಕಿದ ಚಿಂದಿ ಚಿಕ್ಕದಾಗಿತ್ತು, ಬಾಲ ಬಿಡುವಷ್ಟು ಇರಲಿಲ್ಲ. ಇರಲಿ ಬಿಡು, ಅರ್ಧ ಗಂಟೆಯ ಕೆಲಸ ಎಂದುಕೊಂಡರು. ಅಷ್ಟರಲ್ಲಿ ತರೀಕೆರೆ ಬಸ್ಸು ಹಾರ್ನ್ ಹೊಡೆಯಿತು. ಗಡಿಬಿಡಿಯಲ್ಲಿ ಪೈಪು ಜೋಡಿಸಿ, ಕ್ಲಿಪ್ಪು ಬಿಗಿದು, ಸ್ಟಾರ್ಟ್ ಮಾಡಿ ನೋಡಿ ಓಡಿದರು. ನೀರು ಚೆನ್ನಾಗಿಯೇ ಬರುತ್ತಿತ್ತು.

ಮೂರನೇ ದಿನ, ಹದಿನಾಲ್ಕು ಜನ ಕೂಲಿಯವರಿದ್ದ ಲಾಂಚು ನಡುನೀರಿನಲ್ಲಿ ಹೊಗೆಯುಗುಳಿ ನಿಂತಿತು. ಗಾಳಿ ಎತ್ತ ನೂಕಿದರೆ ಅತ್ತ ತೇಲುತ್ತಾ ಹೋಯಿತು. ಹೆಂಗಸರು ಬೋರಾಡಿ ಅತ್ತರು. ಸಂಜೆ ಹೊತ್ತಿಗೆ ಹರಿಗೋಲಿನವರು ಹೋಗಿ ಎಲ್ಲರನ್ನೂ ದಡ ಸೇರಿಸಿದರು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ.

ಮಾರನೇ ದಿನ ಸಾಬರು ಲಾಂಚಿನ ಹೊಟ್ಟೆಗಿಳಿದರು. ಮೇಲೆ ಬಸವರಾಜಪ್ಪ ಶತಪಥ ಹಾಕುತ್ತಿದ್ದ. ಮೊದಲು ತಳದ ಜಾಲರಿ ನೋಡಿದರು, ಕಸವಿರಲಿಲ್ಲ. ಪಂಪು ಬಿಚ್ಚಿದರು, ಒಳಗಿನ ರಬ್ಬರ್ ಚಕ್ರ ಸರಿಯಾಗಿತ್ತು. ಬೇರಿಂಗೂ ಗಟ್ಟಿ. ಹಾಗಾದರೆ ಪೈಪು. ಬಿಚ್ಚಿ ಬಾಯಿಟ್ಟು ಊದಿದರು. ಉಸಿರು ಹೋಗಲಿಲ್ಲ. ತಂತಿ ಬಾಗಿಸಿ ಪೈಪು ತಿರುಗುವ ಕಡೆ ತೂರಿಸಿ ಎಳೆದರು. ಹಳದಿ ಹೂವಿನ ಚಿಂದಿ ಹೊರಗೆ ಬಂತು. ಎಣ್ಣೆ ಒರೆಸಲೆಂದು ಹಜೀರಾಬಿ ಹಳೇ ಪರದೆ ಹರಿದು ಕೊಟ್ಟಿದ್ದಳು, ಅದರದೇ ತುಂಡು. ಎರಡು ದಿನ ಪೈಪಿನ ಗೋಡೆಗೆ ಅಂಟಿಕೊಂಡಿದ್ದು ಮೂರನೇ ದಿನ ಜಾರಿ ಮುದ್ದೆಯಾಗಿ ಕೂತಿತ್ತು.

"ಏನ್ ಸಿಕ್ತು ಪಾಷಾ?" ಬಸವರಾಜಪ್ಪ ಮೇಲಿನಿಂದಲೇ ಕೂಗಿದ.

ಚಿಂದಿ ಜೇಬು ಸೇರಿತು. ಕೈಗೆ ತಾನು ಮಾಡುತ್ತಿರುವುದು ಗೊತ್ತಿತ್ತೋ ಇಲ್ಲವೋ, ನಾಲಿಗೆಗಂತೂ ಚೆನ್ನಾಗಿ ಗೊತ್ತಿತ್ತು.

"ಏನಿಲ್ಲ ಧಣಿ, ಕಸ ಕಟ್ಟಿತ್ತು. ಇಂಜಿನ್ ಹೆಡ್ಡು ಕಾದು ಬೆಂಡಾಗಿದೆ, ಲೇತಿಗೆ ಕೊಡ್ಬೇಕು. ನೀರು ಬರ್ತಿದ್ಯಾ ಅಂತ ನೋಡ್ದೆ ಓಡ್ಸಿದ್ರೆ ಹಿಂಗೇ ಆಗೋದು."

ಬಸವರಾಜಪ್ಪ ಬೀರಪ್ಪನ ಕಡೆ ತಿರುಗಿದ. "ಲೇ, ನೋಡಿದ್ದೇನೋ?"

"ನೋಡಿದ್ದೆ ಧಣಿ. ಕೈ ಒಡ್ಡಿದ್ದೆ." ಬೀರಪ್ಪ ಸಾಬರ ಮುಖ ನೋಡಿದ. ಗುರುವಿನ ಮುಖ. ಸಾಬರು ಸ್ಪ್ಯಾನರ್ ಒರೆಸುತ್ತಿದ್ದರು. "ಒಡ್ಡಿದ್ದೆ ಅನ್ಸುತ್ತೆ" ಎಂದ ಬೀರಪ್ಪ. ಸ್ವಲ್ಪ ಹೊತ್ತಿಗೆ, "ಗೊತ್ತಿಲ್ಲ ಧಣಿ" ಎಂದ.

ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಹೆಂಡತಿ ಕರಿಬಸಮ್ಮನ ಊರು ಹಿರೇನಲ್ಲೂರಿಗೆ ಹೊರಟುಹೋದ. ಸಾಬರು ಹೆಡ್ಡು ಸರಿಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ವಾರದಲ್ಲಿ ಲಾಂಚು ಓಡಿಸಿ ಶಾಬಾಸ್ ಅನ್ನಿಸಿಕೊಂಡರು.

ಮುನೀರ್ ಪಾಷಾ ಕೆಟ್ಟ ಮನುಷ್ಯನೇನಲ್ಲ, ಅದೇ ತಾಪತ್ರಯ. ಕೆಟ್ಟವನಾಗಿದ್ದರೆ ಆ ಚಿಂದಿಯನ್ನು ಡ್ಯಾಮಿಗೆ ಬಿಸಾಕಿ ಬೀಡಿ ಹಚ್ಚುತ್ತಿದ್ದ. ಇವರು ಟೂಲ್ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡರು. ನಾಳೆ ಹೋಗಿ ಹೇಳಬೇಕು, ರಂಜಾನ್ ಮುಗಿಯಲಿ, ಮಳೆ ನಿಲ್ಲಲಿ. ಹೀಗೇ ಎಂಟು ವರ್ಷ ಹೋಯಿತು. ಹಿರೇನಲ್ಲೂರು ಏನು ಲಂಡನ್ನೇ? ಎರಡು ಬಸ್ಸು ಬದಲಾಯಿಸಿದರೆ ಮಧ್ಯಾಹ್ನದ ಊಟದೊಳಗೆ ಮುಟ್ಟಬಹುದಾಗಿತ್ತು.

ಎಂಬತ್ತನಾಲ್ಕರಲ್ಲಿ ಒಂದು ದಿನ ಹಿರೇನಲ್ಲೂರಿನ ರೈತ ದೇವೀರಪ್ಪ ಶೆಡ್ಡಿಗೆ ಬಂದ. ಅವನ ಡೀಸೆಲ್ ಪಂಪ್‌ಸೆಟ್ಟು ಹತ್ತು ನಿಮಿಷಕ್ಕೇ ಕಾದು ನಿಲ್ಲುತ್ತಿತ್ತು.

"ಕಡೂರಲ್ಲಿ ಮೆಕ್ಯಾನಿಕ್ಕಿಲ್ವೇನಪ್ಪಾ?" ಎಂದರು ಸಾಬರು.

"ಅವ್ರೆ. ಆದ್ರೆ ನಮ್ಮ ತೋಟದ ಆಳು ಸಣ್ಣಬೀರಪ್ಪ ಒಂದೇ ಹಟ ಕಣ್ರೀ. ತರೀಕೆರೆ ಪಾಷಾ ಸಾಬ್ರನ್ನ ಬಿಟ್ಟು ಯಾರ ಕೈಲೂ ಮುಟ್ಟಿಸ್ಬೇಡಿ, ಅವ್ರು ಸುಳ್ಳು ಹೇಳೋರಲ್ಲ ಅಂತಾನೆ. ತಾನು ಮಾತ್ರ ಇಂಜಿನ್ ಹತ್ರ ಸುಳಿಯಲ್ಲ. ಸ್ಟಾರ್ಟ್ ಮಾಡು ಅಂದ್ರೆ ಕೈ ನಡುಗ್ತವೆ."

ಸಾಬರಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಟೂಲ್ ಪೆಟ್ಟಿಗೆ ಎತ್ತಿಕೊಂಡು ಎದ್ದರು.

ಹಿರೇನಲ್ಲೂರಿನ ತೋಟದಲ್ಲಿ ಬಾವಿಯ ಕಟ್ಟೆ ಹತ್ತಿರ ಬೀರಪ್ಪ ನಿಂತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. "ಬಂದ್ರಾ ಸಾಬ್ರೇ, ಚೆನ್ನಾಗಿದೀರಾ?" ಎಂದು ಖುಷಿಯಿಂದ ಚೊಂಬಲ್ಲಿ ನೀರು ಕೊಟ್ಟ. ದೇವೀರಪ್ಪ ಊಟಕ್ಕೆ ಹೇಳಿಬರಲು ಮನೆಗೆ ಹೋದ. ಸಾಬರು ಇಂಜಿನ್ ತಣಿಸುವ ನೀರಿನ ಪೈಪು ಬಿಚ್ಚಿ, ಗಡಸು ನೀರಿಗೆ ಒಳಗೆ ಕಟ್ಟಿದ್ದ ಸುಣ್ಣ ಕೆರೆದು ತೆಗೆದು, ಜೋಡಿಸಿ ಬಿಗಿದರು. ಚಿಂದಿಗಳನ್ನು ಎಣಿಸಲು ಕೂತರು. ಬಾಯಿಂದ ಲೆಕ್ಕ ಹೊರಡಲಿಲ್ಲ.

"ಬೀರಪ್ಪ, ಅವತ್ತು ಲಾಂಚು ಸುಟ್ಟಿದ್ದು ನನ್ನಿಂದ ಕಣಪ್ಪ. ಪೈಪಲ್ಲಿ ಚಿಂದಿ ಬಿಟ್ಟಿದ್ದೆ. ನಿನ್ನ ತಪ್ಪಿರ್ಲಿಲ್ಲ."

ಬೀರಪ್ಪ ನಕ್ಕ. "ದೊಡ್ಡ ಮನಸ್ಸು ನಿಮ್ದು. ನನ್ನ ಸಮಾಧಾನಕ್ಕೆ ಹಿಂಗೆಲ್ಲ ಹೇಳ್ಬೇಡಿ ಸಾಬ್ರೇ. ನಾನು ಮಾಡಿದ್ದು ನನಗೆ ಗೊತ್ತಿಲ್ವಾ? ಹದಿನಾಲ್ಕು ಜನಾನ ಮುಳುಗಿಸ್ತಿದ್ದೆ."

ಇದನ್ನು ಮಾತ್ರ ಸಾಬರು ನೆನೆಸಿರಲಿಲ್ಲ. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದರು, ಹೊಡೆತಕ್ಕೂ ಸಿದ್ಧವಾಗಿದ್ದರು. ಪೆಟ್ಟಿಗೆಯ ತಳದಿಂದ ಆ ಚಿಂದಿ ತೆಗೆದು ಅವನ ಮುಂದೆ ಹಿಡಿದರು. ಎಣ್ಣೆ ಒಣಗಿ ಹಪ್ಪಳದಂತಾಗಿತ್ತು. ಹಳದಿ ಹೂವು ಇನ್ನೂ ಕಾಣುತ್ತಿತ್ತು.

ಬೀರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಈ ಹಳದಿ ಹೂವಿನ ಚಿಂದಿಗಳನ್ನು ಲಾಂಚಿನಲ್ಲಿ ಅವನೇ ಎಷ್ಟೋ ಸಲ ತೊಳೆದು ಒಣಗಿಸಿಕೊಟ್ಟಿದ್ದ. ಮುಖದ ನಗು ಆರಿತು.

"ಹಂಗಾದ್ರೆ ಅವತ್ತು ಬೆಳಿಗ್ಗೆ ನೀರು ಬಂದಿತ್ತು?"

"ಬಂದಿತ್ತು."

"ನನ್ನ ಕೈ ಮೇಲೆ ಬಿದ್ದಿತ್ತು?"

"ಬಿದ್ದಿತ್ತು ಕಣಪ್ಪ. ನನ್ನನ್ನ ಕ್ಷಮಿಸ್ಬಿಡು, ನಿನ್ನ ಕೆಲ್ಸ ಕಳೆದೆ."

"ಕೆಲ್ಸದ ಮನೆ ಹಾಳಾಗ್ಲಿ!" ಬೀರಪ್ಪ ಕೂಗಿದ. ಗಂಟಲು ಬಿರಿಯುವ ಹಾಗೆ ಕೂಗಿದ. "ಎಂಟು ವರ್ಷ! ನೀವು ಹೇಳಿದ್ರಿ ಅಂತ ನನ್ನ ಕೈನೇ ನಾನು ನಂಬ್ಲಿಲ್ಲವಲ್ರೀ! ನನ್ನ ಕೂಸನ್ನ ಎತ್ಕೊಳ್ಳೋಕೂ ಹೆದರ್ತಿದ್ದೆ, ಎಲ್ಲಿ ಬೀಳಿಸ್ತೀನೋ ಅಂತ."

ಎಂಟು ವರ್ಷ ಪಾಪವನ್ನು ಹೊತ್ತವನು ತಾನೊಬ್ಬನೇ ಎಂದು ಸಾಬರು ಅಂದುಕೊಂಡಿದ್ದರು. ಹೊರಿಸಿದ್ದು ಇವನ ತಲೆಗೆ, ತಾನು ಬರೀ ಚಿಂದಿ ಎಣಿಸಿದ್ದು.

ಬೀರಪ್ಪ ಕಣ್ಣೊರೆಸಿಕೊಂಡು ಎದ್ದ. "ಸರೀರಿ ಆ ಕಡೆ" ಎಂದ. ಸಾಬರು ಸರಿದರು. ಅವನು ಸ್ಪ್ಯಾನರ್ ಎತ್ತಿಕೊಂಡ, ಕೈ ನಡುಗುತ್ತಲೇ ಇತ್ತು. ಸಾಬರು ಈಗಷ್ಟೇ ಬಿಗಿದಿದ್ದ ಪೈಪನ್ನು ಪೂರ್ತಿ ಬಿಚ್ಚಿದ. ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದ, ಬೆರಳು ತೂರಿಸಿ ತಡವಿದ, ಬಾಯಿಟ್ಟು ಊದಿದ. ನೆಲದ ಮೇಲಿನ ಚಿಂದಿಗಳನ್ನು ತಾನೇ ಎಣಿಸಿದ. ಆಮೇಲೆ ಪೈಪು ಜೋಡಿಸಿ, ಹ್ಯಾಂಡಲ್ ಹಾಕಿ ತಿರುಗಿಸಿದ. ಇಂಜಿನ್ ಹೊತ್ತಿಕೊಂಡಿತು. ನೀರು ಚೆಲ್ಲುವ ಕೊಳವೆಗೆ ಬೀರಪ್ಪ ಅಂಗೈ ಒಡ್ಡಿದ, ನೀರು ಬಿತ್ತು. ಅವನು ಕೈ ತೆಗೆಯಲೇ ಇಲ್ಲ.

ಸಾಬರು ತಮ್ಮ ಪೆಟ್ಟಿಗೆ ಹಿಡಿದುಕೊಂಡು, ಅವನು ಹೊರಡಿ ಎನ್ನುವವರೆಗೂ ಬಿಸಿಲಲ್ಲೇ ನಿಂತಿದ್ದರು.